ಹೊಸ ಫೆಲೋಗಳಿಗೆ ಮತ್ತು ಅವರನ್ನು ಕಳುಹಿಸುವವರಿಗೆ: ನಿವೃತ್ತ ಮುಖ್ಯ ಶಿಕ್ಷಕಿಯ ಬಹಿರಂಗ ಪತ್ರ

ಪದವಿ ಮುಗಿಸಿ, ಒಂದೆರಡು ವರ್ಷ ಊರಲ್ಲಿದ್ದು ದುಡಿಯುವ ಶಿಕ್ಷಣ ಮತ್ತು ಆರೋಗ್ಯದ ಫೆಲೋಶಿಪ್‌ಗಳಿಗೆ ಸೇರಿ ಈ ವರ್ಷ ಕಲ್ಯಾಣ ಕರ್ನಾಟಕದ ಹಳ್ಳಿಗಳಿಗೆ ಬರುತ್ತಿರುವ ಯುವಕ ಯುವತಿಯರಿಗೆ,

ಹಾಗೂ ಅವರನ್ನು ಆರಿಸಿ ಕಳುಹಿಸುತ್ತಿರುವ ಇಲಾಖೆಗಳ ಮತ್ತು ಪ್ರತಿಷ್ಠಾನಗಳ ಮುಖ್ಯಸ್ಥರಿಗೆ,

ನಮಸ್ಕಾರಗಳು.

ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು ಹೋದ ವರ್ಷ ನಿವೃತ್ತಳಾದವಳು ನಾನು. ಕೆಲಸಕ್ಕೆ ಸೇರಿದಾಗ ನಮ್ಮದು ಇನ್ನೂ ಗುಲಬರ್ಗಾ ಜಿಲ್ಲೆ. ಈಗಲೂ ಅದೇ ಊರಿನಲ್ಲಿದ್ದೇನೆ, ಶಾಲೆಯ ಗಂಟೆ ಮನೆಗೆ ಕೇಳಿಸುತ್ತದೆ. ಸೇವೆಯಲ್ಲಿದ್ದಾಗ ಈ ಪತ್ರ ಬರೆಯಲು ಆಗುತ್ತಿರಲಿಲ್ಲ. ನನ್ನ ಕಡೆಯ ಒಂಬತ್ತು ವರ್ಷಗಳಲ್ಲಿ ಬೇರೆ ಬೇರೆ ಕಾರ್ಯಕ್ರಮಗಳಿಂದ ಐವರು ಫೆಲೋಗಳು ನಮ್ಮ ಶಾಲೆಗೆ ಬಂದು ಹೋದರು. ಅವರು ಒಳ್ಳೆಯವರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅವರು ಹೋದ ಮೇಲೆ ನಮ್ಮ ಬಳಿ ಏನು ಉಳಿಯಿತು ಎಂಬ ಒಂದೇ ಪ್ರಶ್ನೆಗಾಗಿ ಈ ಪತ್ರ.

ನಿಮ್ಮನ್ನು ಇಲ್ಲಿಗೇ ಏಕೆ ಕಳುಹಿಸುತ್ತಾರೆ ಎಂಬುದು ನಿಮಗೆ ತರಬೇತಿಯಲ್ಲಿ ತಿಳಿದಿರುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ನಮ್ಮ ಜಿಲ್ಲೆಯದು ಶೇ 52ನ್ನೂ ಮುಟ್ಟಿರಲಿಲ್ಲ. ರಾಜ್ಯದಲ್ಲೇ ಕಡೆಯ ಸ್ಥಾನ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿದ 114ರಲ್ಲಿ ನಮ್ಮವೂ ಇದ್ದವು. ನಂತರ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. 2018ರಲ್ಲಿ ಕೇಂದ್ರ ಸರ್ಕಾರ ದೇಶದ 112 ಜಿಲ್ಲೆಗಳನ್ನು ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು ಕರೆದಾಗ ಕರ್ನಾಟಕದಿಂದ ರಾಯಚೂರಿನ ಜೊತೆ ಯಾದಗಿರಿ ಸೇರಿತು. ಪಟ್ಟಿ ಬಂದಂತೆಲ್ಲ ಯೋಜನೆ ಬಂತು, ಯೋಜನೆಯ ಹಿಂದೆ ಫೆಲೋಗಳು ಬಂದರು. ನೀವು ಬರುವುದು ನಮಗೆ ಬೇಕು. ಇಬ್ಬರು ಶಿಕ್ಷಕರು ಎಂಟು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ಪ್ರಶ್ನೆ ಕೇಳುವ ಒಬ್ಬ ಚುರುಕು ವ್ಯಕ್ತಿ ಒಳಗೆ ಕಾಲಿಟ್ಟರೆ ಗಾಳಿಯೇ ಬದಲಾಗುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ಉದಾಹರಣೆ ಹೇಳುತ್ತೇನೆ. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭವಾಯಿತು. ನಾವು ವಹಿಯಲ್ಲಿ ಮಕ್ಕಳ ಹೆಸರಿನ ಮುಂದೆ ಗುರುತು ಹಾಕುತ್ತಿದ್ದೆವು: ಮೊಟ್ಟೆ ಕೊಟ್ಟಿದೆ, ಸರಿ. ಆಗ ನಮ್ಮಲ್ಲಿದ್ದ ಫೆಲೋ ಊಟದ ಸಾಲಿನಲ್ಲಿ ಮಕ್ಕಳ ಪಕ್ಕವೇ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದರು. ಮೂರನೇ ವಾರದಲ್ಲಿ ನನ್ನ ಬಳಿ ಬಂದು, "ಅಕ್ಕೋರೆ, ನಾಲ್ಕು ಮಕ್ಕಳು ಮೊಟ್ಟೆ ತಿನ್ನುತ್ತಿಲ್ಲ, ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಿದ್ದಾರೆ" ಎಂದರು. (ನಮ್ಮ ಕಡೆ ಮಕ್ಕಳು ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಅವರೂ ಹಾಗೆಯೇ ಕರೆಯಲು ಕಲಿತಿದ್ದರು.) ವಿಚಾರಿಸಿದರೆ ಮನೆಯಲ್ಲಿ ಅಂಗನವಾಡಿಗೆ ಹೋಗದ ತಮ್ಮ ತಂಗಿಯರಿಗೆ ಅದನ್ನು ಒಯ್ಯುತ್ತಿದ್ದರು. ಆ ಸಂಜೆಯೇ ಅಂಗನವಾಡಿ ಕಾರ್ಯಕರ್ತೆಯನ್ನು ಕರೆದುಕೊಂಡು ಆ ಮನೆಗಳಿಗೆ ಹೋದೆವು. ಮೂವತ್ತು ವರ್ಷ ಆ ಮಕ್ಕಳ ನಡುವೆಯೇ ಇದ್ದ ನನಗೆ ಕಾಣದ್ದು ಆ ಹುಡುಗನಿಗೆ ಕಂಡಿತು. ಪಕ್ಕದಲ್ಲಿ ಕುಳಿತು ಉಂಡದ್ದರಿಂದ ಕಂಡಿತು.

ಇನ್ನು ನನ್ನ ದೂರಿಗೆ ಬರುತ್ತೇನೆ.

ಯಾವ ವರ್ಷ, ಯಾವ ಕಾರ್ಯಕ್ರಮ ಎಂದು ಬರೆಯುವುದಿಲ್ಲ. ಒಂದು ಕುಟುಂಬದ ಮಾನ ಇದರಲ್ಲಿದೆ. ಎಂಟನೇ ತರಗತಿಯಲ್ಲಿದ್ದ ಹುಡುಗಿಯೊಬ್ಬಳಿಗೆ ಫೆಬ್ರವರಿಯಲ್ಲಿ, ಜಾತ್ರೆಯ ಸಮಯಕ್ಕೆ, ಮದುವೆ ಗೊತ್ತಾಯಿತು. ನಮ್ಮಲ್ಲಿದ್ದ ಶಿಕ್ಷಣದ ಫೆಲೋಗೆ ಹುಡುಗಿಯೇ ಹೇಳಿದಳು. ಅವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ಅಧಿಕಾರಿಗಳು ಬಂದರು, ಮದುವೆ ನಿಂತಿತು. ಮಾಡಿದ್ದು ಸರಿ. ಬಾಲ್ಯವಿವಾಹ ಕರ್ನಾಟಕದಲ್ಲಿ 2016ರ ತಿದ್ದುಪಡಿಯ ಪ್ರಕಾರ ಆರಂಭದಿಂದಲೇ ಅಸಿಂಧು; ಅದನ್ನು ತಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಊರವರಿಗೆ ಕರೆ ಮಾಡಿದವರು ಯಾರೆಂದು ಗೊತ್ತಾಗಲಿಲ್ಲ. ಅನುಮಾನ ಬಂದದ್ದು ಆಶಾ ಕಾರ್ಯಕರ್ತೆಯ ಮೇಲೆ. ಎರಡು ತಿಂಗಳು ಆ ಓಣಿಯಲ್ಲಿ ಅವರಿಗೆ ಬಾಗಿಲು ತೆರೆಯಲಿಲ್ಲ. ಆ ಓಣಿಯಲ್ಲಿ ಆಗ ಇಬ್ಬರು ಗರ್ಭಿಣಿಯರಿದ್ದರು.

ಆ ಫೆಲೋ ಅಲ್ಲಿಗೇ ಬಿಡಲಿಲ್ಲ ಎಂಬುದನ್ನೂ ಹೇಳಬೇಕು. ಅವರು ತಂದೆಯ ಬಳಿ ನಾಲ್ಕು ಬಾರಿ ಹೋಗಿ ಕುಳಿತರು. ತಂದೆ ಕೆಟ್ಟವನಲ್ಲ. ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗುವವರು, ಕಟ್ಟಡದ ಕೆಲಸಕ್ಕೆ. ವಯಸ್ಸಿಗೆ ಬಂದ ಮಗಳನ್ನು ಊರಲ್ಲಿ ಯಾರ ಬಳಿ ಬಿಡುವುದು, ತಗಡಿನ ಶೆಡ್ಡಿಗೆ ಹೇಗೆ ಕರೆದೊಯ್ಯುವುದು ಎಂಬ ಪ್ರಶ್ನೆಗೆ ಆತನಿಗೆ ಕಂಡ ಉತ್ತರ ಮದುವೆ. "ಹಾಸ್ಟೆಲ್ ಸಿಕ್ಕರೆ ಕಳುಹಿಸುತ್ತೇನೆ" ಎಂದು ಕಡೆಗೆ ಒಪ್ಪಿದ. ಹಾಸ್ಟೆಲ್‌ಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಫೆಲೋ ನಾಡಕಚೇರಿಗೆ ಅರ್ಜಿ ಹಾಕಿಸಿದರು. ಆ ಮನೆಯಲ್ಲಿ ಆಗ ನಡೆಯುವ ಮೊಬೈಲ್ ಇರಲಿಲ್ಲ, ಹಾಗಾಗಿ ಅರ್ಜಿಯಲ್ಲಿ ತಮ್ಮದೇ ಸಂಖ್ಯೆ ಕೊಟ್ಟರು.

ಮಾರ್ಚ್ 31ಕ್ಕೆ ಅವರ ಅವಧಿ ಮುಗಿಯಿತು. ಮಕ್ಕಳು ಅತ್ತರು, ನಾವು ಶಾಲು ಹೊದಿಸಿ ಬೀಳ್ಕೊಟ್ಟೆವು. ಪ್ರಮಾಣಪತ್ರ ಸಿದ್ಧವಾಗಿದೆ ಎಂಬ ಸಂದೇಶ ಏಪ್ರಿಲ್‌ನಲ್ಲಿ ಅವರ ಮೊಬೈಲ್‌ಗೆ ಹೋಯಿತು, ಆಗ ಅವರು ಬೇರೆ ರಾಜ್ಯದಲ್ಲಿ ಹೊಸ ಕೆಲಸಕ್ಕೆ ಸೇರಿದ್ದರು. ಅರ್ಜಿಯ ಸ್ವೀಕೃತಿ ಚೀಟಿ ಅವರ ನೋಟ್‌ಪುಸ್ತಕದಲ್ಲಿತ್ತು. ತಂದೆಯೊಂದಿಗೆ ಆದ ಮಾತುಕತೆಯ ವಿವರವೂ ಅದರಲ್ಲಿತ್ತು. ಪುಸ್ತಕ ಅವರ ಚೀಲದಲ್ಲಿ ಹೋಗಿತ್ತು. ಹಾಸ್ಟೆಲ್ ಅರ್ಜಿಯ ಕೊನೆಯ ದಿನ ದಾಟಿದ್ದು ಊರಲ್ಲಿ ಯಾರಿಗೂ ತಿಳಿಯಲಿಲ್ಲ. ನಾನೂ ಕೇಳಲಿಲ್ಲ, ಫೆಲೋ ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದೆ. ಆ ತಪ್ಪು ನನ್ನದು, ಇಂದಿಗೂ ನನ್ನ ಎದೆಯ ಮೇಲಿದೆ. ಮೇ ತಿಂಗಳಲ್ಲಿ ಅಜ್ಜಿಯ ಊರಿನಲ್ಲಿ, ಸದ್ದಿಲ್ಲದೆ, ಆ ಹುಡುಗಿಯ ಮದುವೆ ನಡೆದುಹೋಯಿತು.

ಮರುವರ್ಷ ಅವಳು ಹೆರಿಗೆಗೆ ತವರಿಗೆ ಬಂದಳು. ಆ ಹೊತ್ತಿಗೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯದ ಫೆಲೋ ಒಬ್ಬರು ಬಂದಿದ್ದರು, ಬೇರೆ ಕಾರ್ಯಕ್ರಮದವರು. ರಕ್ತಹೀನತೆ ಇರುವ ಗರ್ಭಿಣಿಯರ ಪಟ್ಟಿ ಮಾಡುತ್ತಿದ್ದರು. ತಾಯಿ ಕಾರ್ಡ್‌ನಲ್ಲಿ ಆಕೆಯ ವಯಸ್ಸು 19 ಎಂದಿತ್ತು. ನನ್ನ ದಾಖಲಾತಿ ಪುಸ್ತಕದ ಪ್ರಕಾರ ಅವಳಿಗೆ 15 ತುಂಬಿ ಕೆಲವೇ ತಿಂಗಳಾಗಿತ್ತು. ಕಾನೂನಿನಂತೆ ತಿಳಿಸಬೇಕಾದವರಿಗೆ ತಿಳಿಸಿದೆವು. ಮುಂದಿನದನ್ನು ಇಲ್ಲಿ ಬರೆಯಲಾರೆ. ಆ ಆರೋಗ್ಯದ ಫೆಲೋಗೆ, ಇದೇ ಹುಡುಗಿಯ ಬಗ್ಗೆ ಒಂದು ವರ್ಷದ ಹಿಂದೆ ಇನ್ನೊಬ್ಬ ಫೆಲೋ ಹತ್ತು ಪುಟ ಬರೆದಿದ್ದರು ಎಂದು ನಾನು ಹೇಳಿದಾಗ, ಅವರು ಸ್ವಲ್ಪ ಹೊತ್ತು ಮಾತನಾಡಲೇ ಇಲ್ಲ. ಒಬ್ಬಳೇ ಹುಡುಗಿ, ಎರಡು ನೋಟ್‌ಪುಸ್ತಕ, ಎರಡೂ ಊರಿನಿಂದ ಹೊರಗೆ.

ನಿಮ್ಮಲ್ಲಿ ಕೆಲವರಿಗೆ ಇದು ಒಂದು ಬಿಡಿ ಪ್ರಸಂಗ ಅನ್ನಿಸಬಹುದು. ಐವರಲ್ಲಿ ನಾಲ್ವರು ಹೋಗುವಾಗ ಶಾಲೆಗೆ ಒಂದು ಹಾಳೆಯನ್ನೂ ಬಿಟ್ಟು ಹೋಗಲಿಲ್ಲ. ಬಿಟ್ಟು ಹೋದ ಒಬ್ಬರದು ನಲವತ್ತು ಪುಟದ ಇಂಗ್ಲಿಷ್ ವರದಿ. ನಮ್ಮ ಶಾಲಾಭಿವೃದ್ಧಿ ಸಮಿತಿಯ ಒಬ್ಬ ಸದಸ್ಯರಿಗೂ ಅದನ್ನು ಓದಲು ಬರುವುದಿಲ್ಲ. ಪ್ರತಿ ಹೊಸಬರೂ ಬಂದು ಮೊದಲ ಮೂರು ತಿಂಗಳು ಅದೇ ಮನೆಗಳಿಗೆ ಹೋಗಿ ಅದೇ ಪ್ರಶ್ನೆ ಕೇಳಿದರು. ಎಷ್ಟು ಮಕ್ಕಳು, ಯಾರು ಶಾಲೆ ಬಿಟ್ಟರು, ಶೌಚಾಲಯ ಇದೆಯೇ, ಏನು ಉಣ್ಣುತ್ತೀರಿ. ನಮ್ಮ ತಾಂಡಾದ ಒಬ್ಬ ತಾಯಿ ಕಡೆಗೆ ನನ್ನನ್ನೇ ಕೇಳಿದಳು: "ಹೋದ ಸಲ ಬರೆದುಕೊಂಡು ಹೋದದ್ದು ಎಲ್ಲಿ ಹೋಯಿತು, ಅಕ್ಕೋರೆ?" ಇದಕ್ಕೆ ಉತ್ತರ ನನ್ನಲ್ಲಿ ಇರಲಿಲ್ಲ. ನಿಮ್ಮಲ್ಲಿದ್ದರೆ ದಯವಿಟ್ಟು ಹೇಳಿ.

ಹೀಗೇಕೆ ಆಗುತ್ತದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಫೆಲೋ ಬರೆಯುವುದೆಲ್ಲ ಮೇಲಕ್ಕೆ ಹೋಗುತ್ತದೆ: ತಾಲ್ಲೂಕಿಗೆ, ಜಿಲ್ಲೆಗೆ, ರಾಜಧಾನಿಯ ಕಚೇರಿಗೆ. ಅವರ ಕೆಲಸವನ್ನು ಅಳೆಯುವವರು ಅಲ್ಲಿದ್ದಾರೆ. ಕೆಳಗೆ ಏನು ಬಿಟ್ಟು ಬಂದೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಹೀಗೆ ಒಂದು ಅಥವಾ ಎರಡು ವರ್ಷದ ದುಡಿಮೆಯ ಫಲ ಒಂದು ಲ್ಯಾಪ್‌ಟಾಪ್‌ನಲ್ಲಿ ಮತ್ತು ಒಬ್ಬ ವ್ಯಕ್ತಿಯ ನೆನಪಿನಲ್ಲಿ ಸೇರಿಕೊಂಡು ಒಂದು ದಿನ ಬಸ್ ಹತ್ತಿಬಿಡುತ್ತದೆ. ನೀವು ಹೋಗಬೇಕಾದವರು, ಅದನ್ನು ನಾನು ಆಕ್ಷೇಪಿಸುವುದಿಲ್ಲ. ನಿಮಗೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು, ಮುಂದೆ ಓದಬೇಕು, ಬದುಕು ಕಟ್ಟಿಕೊಳ್ಳಬೇಕು. ನಮ್ಮ ಊರಿನ ಬಗ್ಗೆ ತಿಳಿದದ್ದನ್ನು ಮಾತ್ರ ನಮ್ಮ ಊರಿನಲ್ಲಿ ಬಿಟ್ಟು ಹೋಗಿ.

ಫೆಲೋಗಳೇ, ಮೊದಲು ನಿಮ್ಮಲ್ಲಿ ನನ್ನ ವಿನಂತಿ. ಬಂದ ಮೊದಲ ವಾರ ಆಶಾ ಕಾರ್ಯಕರ್ತೆಯ ಹಿಂದೆ ನಡೆಯಿರಿ. ಅವರಿಗೆ ಏನೂ ಕಲಿಸಲು ಹೋಗಬೇಡಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಸಾವಿರ ಜನಸಂಖ್ಯೆಗೆ ಒಬ್ಬರಂತೆ ಅದೇ ಊರಿನಲ್ಲಿ ನೆಲೆಸಿದ ಹೆಂಗಸರನ್ನೇ ಆರಿಸಬೇಕೆಂದು ನಿಯಮ ಮಾಡಿದ್ದಕ್ಕೆ ಕಾರಣವಿತ್ತು: ಅವರು ಊರು ಬಿಟ್ಟು ಹೋಗುವವರಲ್ಲ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕುಳಿತು ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದು ಬಂದವರು ಇವರೇ. ನಿಮ್ಮ ಸಮೀಕ್ಷೆಗೆ ಇನ್ನೊಂದು ನಮೂನೆ ತುಂಬಿಕೊಡಿ ಎಂದು ಅವರ ಕೈಗೆ ಕಾಗದ ಕೊಡುವ ಮುನ್ನ ಈಗಾಗಲೇ ಅವರು ಎಷ್ಟು ವಹಿ ಬರೆಯುತ್ತಾರೆ ಎಂದು ಕೇಳಿ. 1098ಕ್ಕೆ ಕರೆ ಮಾಡಬೇಕಾದ ಸಂದರ್ಭ ಬಂದರೆ ಖಂಡಿತ ಮಾಡಿ. ಆದರೆ ಮರುದಿನ ಊರಿನ ಸಿಟ್ಟು ಯಾರ ಬಾಗಿಲಿಗೆ ಬರುತ್ತದೆ ಎಂಬುದನ್ನೂ ಮುಂಚೆಯೇ ಯೋಚಿಸಿ, ಮುಖ್ಯ ಶಿಕ್ಷಕರನ್ನೂ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ. ಒಂಟಿ ಹೆಂಗಸಿನ ತಲೆಯ ಮೇಲೆ ಆ ಭಾರ ಬೀಳಬಾರದು.

ಊರಿನ ಪಂಚಾಂಗ ಕಲಿಯಿರಿ. ನಿಮ್ಮ ಯೋಜನೆಯ ಹಾಳೆಯಲ್ಲಿ ವರ್ಷಕ್ಕೆ ನಾಲ್ಕು ತ್ರೈಮಾಸಿಕಗಳಿರುತ್ತವೆ. ನಮ್ಮ ಮಕ್ಕಳ ವರ್ಷ ಹಾಗೆ ನಡೆಯುವುದಿಲ್ಲ. ಕಾಲುವೆಗೆ ನೀರು ಬಿಟ್ಟಾಗ ಭತ್ತದ ನಾಟಿಗೆ ತಾಯಂದಿರು ಹೋಗುತ್ತಾರೆ, ಕೂಸು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯುತ್ತಾಳೆ. ದಸರೆ ಕಳೆದ ಮೇಲೆ ಹತ್ತಿ ಬಿಡಿಸುವ ಕಾಲ. ಆರು ಏಳನೇ ತರಗತಿಯ ಹುಡುಗಿಯರ ಬೆಂಚು ಖಾಲಿಯಾಗುತ್ತದೆ. ತೊಗರಿ ಕೊಯ್ಲು ಮುಗಿಯುತ್ತಲೇ ಗುಳೆ ಶುರು. ಆಗ ಇಡೀ ಓಣಿಗಳಿಗೆ ಬೀಗ ಬೀಳುತ್ತದೆ. ಗುಳೆ ಹೋಗುವ ಮಕ್ಕಳ ಲಸಿಕೆಯ ಕಾರ್ಡ್ ತಾಯಿಯ ಚೀಲದಲ್ಲಿದೆಯೇ, ಅವರು ಯಾವ ಊರಿನ ಯಾವ ಕಟ್ಟಡಕ್ಕೆ ಹೋಗುತ್ತಿದ್ದಾರೆ, ಅಲ್ಲಿ ಟೆಂಟ್ ಶಾಲೆ ಉಂಟೆ, ಇವನ್ನು ಬರೆದಿಡುವ ಕೆಲಸ ಯಾರ ಪಾಲಿಗೂ ಸ್ಪಷ್ಟವಾಗಿ ಬಂದಿಲ್ಲ. ನೀವು ಮಾಡಬಹುದಾದ ಕೆಲಸ ಇದು. ಒಂದು ಹೊಸ ಬೋಧನಾ ವಿಧಾನದ ಪ್ರಯೋಗಕ್ಕಿಂತ ಹೆಚ್ಚು ಮಕ್ಕಳನ್ನು ಇದು ಉಳಿಸುತ್ತದೆ ಎಂದು ನಾನು ನಂಬುತ್ತೇನೆ.

ಎಂಟನೇ ತರಗತಿ ದಾಟುವ ಹುಡುಗಿಯರ ಮೇಲೆ ಕಣ್ಣಿಡಿ. ಶಿಕ್ಷಣ ಹಕ್ಕು ಕಾಯ್ದೆ ಕೈ ಹಿಡಿಯುವುದು 14 ವರ್ಷದವರೆಗೆ. ನಮ್ಮಂಥ ಊರಿನ ಶಾಲೆಯೂ ಅಲ್ಲಿಗೇ ಮುಗಿಯುತ್ತದೆ, ಪ್ರೌಢಶಾಲೆ ಏಳು ಕಿಲೋಮೀಟರ್ ದೂರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ಹೋಯಿತು. ಆದರೆ ಬೆಳಗಿನ ಬಸ್ ಶಾಲೆಯ ಸಮಯಕ್ಕೆ ಬರದಿದ್ದರೆ ಉಚಿತ ಟಿಕೆಟ್ ಏನು ಮಾಡೀತು? ಸಾರಿಗೆ ಘಟಕಕ್ಕೆ ಹೋಗಿ ಆ ಒಂದು ಬಸ್ಸಿನ ಸಮಯ ಬದಲಿಸಿ ಕೊಟ್ಟರೆ ನಿಮ್ಮ ಎರಡು ವರ್ಷ ಸಾರ್ಥಕ. ವರದಿಯಲ್ಲಿ ಅದು ಒಂದು ಸಾಲು ಕೂಡ ಆಗದಿರಬಹುದು. ಪರವಾಗಿಲ್ಲ.

ಇನ್ನು, ಫೆಲೋಗಳನ್ನು ಕಳುಹಿಸುವ ಮಾನ್ಯರೇ, ನಿಮ್ಮಲ್ಲಿ ನಾನು ಕೇಳುವುದು ಹಣವನ್ನಲ್ಲ, ಹೆಚ್ಚು ಜನರನ್ನೂ ಅಲ್ಲ.

ಒಬ್ಬ ಫೆಲೋ ಹೋಗುವ ಮುನ್ನ ಮುಂದಿನವರು ಬರಬೇಕು. ಕನಿಷ್ಠ ಒಂದು ತಿಂಗಳು ಇಬ್ಬರೂ ಒಟ್ಟಿಗೆ ಮನೆಮನೆಗೆ ನಡೆಯಬೇಕು. ಮಾರ್ಚ್ 31ಕ್ಕೆ ಒಬ್ಬರು ಹೋಗಿ ಜುಲೈನಲ್ಲಿ ಮತ್ತೊಬ್ಬರು ಬಂದರೆ ನಡುವಿನ ಮೂರು ತಿಂಗಳಲ್ಲಿ ಏನೇನು ಆಗುತ್ತದೆ ಎಂದು ಮೇಲೆ ಬರೆದಿದ್ದೇನೆ. ಬೇಸಿಗೆಯೇ ನಮ್ಮ ಹುಡುಗಿಯರಿಗೆ ಅಪಾಯದ ಕಾಲ.

ಪ್ರತಿ ಶಾಲೆಯಲ್ಲಿ ಫೆಲೋಗಳು ಕನ್ನಡದಲ್ಲಿ, ಕೈಬರಹದಲ್ಲಿ ಬರೆಯುವ ಒಂದು ಪುಸ್ತಕ ಇರಲಿ. ಯಾರ ಮನೆಗೆ ಹೋದೆ, ಏನು ಮಾತಾಯಿತು, ಯಾವ ಅರ್ಜಿ ಎಲ್ಲಿದೆ, ಸ್ವೀಕೃತಿ ಸಂಖ್ಯೆ ಏನು, ಮುಂದೆ ಯಾವ ದಿನಾಂಕಕ್ಕೆ ಏನು ಮಾಡಬೇಕು. ಅರ್ಜಿಗಳಲ್ಲಿ ಫೆಲೋ ತಮ್ಮ ಮೊಬೈಲ್ ಸಂಖ್ಯೆ ಕೊಡದೆ, ಮನೆಯವರದಿಲ್ಲದಿದ್ದರೆ ಶಾಲೆಯದನ್ನೋ ಆಶಾ ಕಾರ್ಯಕರ್ತೆಯದನ್ನೋ ಅವರ ಒಪ್ಪಿಗೆ ಪಡೆದು ಕೊಡಲಿ. ಹುಡುಗಿಯರ ಆರೋಗ್ಯದ ವಿಷಯ ಇರುವುದರಿಂದ ಆ ಪುಸ್ತಕ ಬೀರುವಿನೊಳಗೆ ಬೀಗದಲ್ಲಿರಲಿ. ಗೋಡೆಗೆ ಅಂಟಿಸುವಂಥದ್ದಲ್ಲ, ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಂಥದ್ದೂ ಅಲ್ಲ. ಆ ಪುಸ್ತಕವನ್ನು ಮುಖ್ಯ ಶಿಕ್ಷಕರಿಗೆ ಒಪ್ಪಿಸಿ ಸಹಿ ಪಡೆದ ಮೇಲೆಯೇ ಫೆಲೋಗೆ ಪ್ರಮಾಣಪತ್ರ ಕೊಡಿ. ನಾವು ನಿವೃತ್ತರಾಗುವಾಗ ಬೀಗದ ಕೈಯಿಂದ ಹಿಡಿದು ಬಿಸಿಯೂಟದ ಪಾತ್ರೆಯವರೆಗೆ ಪಟ್ಟಿ ಮಾಡಿ ಪ್ರಭಾರ ವಹಿಸಿಕೊಡುತ್ತೇವೆ. ಎರಡು ವರ್ಷ ಒಂದು ಊರಿನ ಮಕ್ಕಳ ಗುಟ್ಟು ತಿಳಿದವರು ಏನನ್ನೂ ವಹಿಸಿಕೊಡದೆ ಹೇಗೆ ಹೋಗುತ್ತಾರೆ?

ಶಿಕ್ಷಣದ ಫೆಲೋ ಮತ್ತು ಆರೋಗ್ಯದ ಫೆಲೋ ಒಂದೇ ಪಂಚಾಯಿತಿಯಲ್ಲಿ ಒಟ್ಟಿಗೆ ಇರಲಿ. ಬೇರೆ ಬೇರೆ ಸಂಸ್ಥೆಗಳವರಾದರೂ ತಿಂಗಳಿಗೆ ಒಮ್ಮೆ ಶಾಲೆಯ ದಾಖಲಾತಿ ಪುಸ್ತಕ ಮತ್ತು ಆಶಾ ಕಾರ್ಯಕರ್ತೆಯ ವಹಿಯನ್ನು ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಕುಳಿತುಕೊಳ್ಳಲಿ. ನಮ್ಮ ದಾಖಲೆಗಳು ಒಂದು ಗಣಕ ವ್ಯವಸ್ಥೆಯಲ್ಲಿ, ಆರೋಗ್ಯ ಇಲಾಖೆಯವು ಇನ್ನೊಂದರಲ್ಲಿ, ಅಂಗನವಾಡಿಯದು ಮತ್ತೊಂದರಲ್ಲಿ. ಅಂಗನವಾಡಿಯಲ್ಲಿ ತೂಕ ಕಡಿಮೆ ಇದ್ದ ಕೂಸು, ಒಂದನೇ ತರಗತಿಯಲ್ಲಿ ಅಕ್ಷರ ಹತ್ತದ ಮಗು, ಏಳನೇ ತರಗತಿಯಲ್ಲಿ ತಲೆಸುತ್ತಿ ಬೀಳುವ ಹುಡುಗಿ, ತಾಯಿ ಕಾರ್ಡಿನ ಗರ್ಭಿಣಿ, ಎಷ್ಟೋ ಬಾರಿ ಇವರೆಲ್ಲ ಒಬ್ಬಳೇ. ನಾನು ಅಂಥ ಹಲವರನ್ನು ಹೆಸರು ಹಿಡಿದು ಕರೆಯಬಲ್ಲೆ. ಯಾವ ಇಲಾಖೆಯ ಯಾವ ಪರದೆಯ ಮೇಲೂ ಅವಳು ಇಡಿಯಾಗಿ ಕಾಣಿಸುವುದಿಲ್ಲ.

ಖಾಲಿ ಹುದ್ದೆಗೆ ಫೆಲೋವನ್ನು ತುಂಬಿ ಶಿಕ್ಷಕರನ್ನು ಕೊಟ್ಟೆವು ಎಂದು ಲೆಕ್ಕ ತೋರಿಸಬೇಡಿ. ಅವರು ಶಿಕ್ಷಕರಲ್ಲ, ಆಗಬೇಕಿಲ್ಲ. ಹಾಗೆಯೇ ನಮ್ಮದೇ ತಾಲ್ಲೂಕುಗಳ ಪದವೀಧರರನ್ನೂ ಆರಿಸಿ. ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಓದಿದ ನಮ್ಮ ಊರಿನ ಹುಡುಗಿ ಇಂಗ್ಲಿಷ್ ಸಂದರ್ಶನದಲ್ಲಿ ತಡವರಿಸಿದಳು ಎಂದು ಬಿಟ್ಟು, ಕನ್ನಡ ಬಾರದವರನ್ನು ಅವಳ ಊರಿಗೇ ಕಳುಹಿಸಿದ್ದನ್ನು ನಾನು ನೋಡಿದ್ದೇನೆ. ನಿಮ್ಮ ಹುಡುಗರಿಗೆ ಗೌರವಧನ ತಿಂಗಳು ತಿಂಗಳಿಗೆ ತಲುಪಲಿ. ಮೂರು ತಿಂಗಳು ಬಾಡಿಗೆ ಕಟ್ಟಲಾಗದೆ ತಾಲ್ಲೂಕು ಕೇಂದ್ರದಲ್ಲಿ ಸ್ನೇಹಿತರ ಕೋಣೆ ಸೇರಿ, ಹಳ್ಳಿಗೆ ವಾರಕ್ಕೊಮ್ಮೆ ಬರುವಂತಾದ ಒಬ್ಬ ಹುಡುಗನಿಗೆ ನಮ್ಮ ಅಡುಗೆಯವರು ರೊಟ್ಟಿ ಕಟ್ಟಿಕೊಡುತ್ತಿದ್ದರು.

ಕಡೆಯದಾಗಿ ನಮ್ಮ ಊರಿಗೆ ಬರಲಿರುವ ಫೆಲೋಗೆ ಒಂದು ಮಾತು. ನೀವು ಯಾರೋ ನನಗೆ ಗೊತ್ತಿಲ್ಲ. ಶಾಲೆಯ ಕಚೇರಿಯ ಬೀರುವಿನಲ್ಲಿ, ಮೇಲಿನ ಅರೆಯಲ್ಲಿ, ಇನ್ನೂರು ಪುಟದ ಒಂದು ಗೆರೆ ಪುಸ್ತಕವಿದೆ. ನಾನೇ ತಂದು ಇರಿಸಿದ್ದು. ಈ ಸಲ ಎಂಟನೇ ತರಗತಿ ಮುಗಿಸಿದ ಹನ್ನೊಂದು ಹುಡುಗಿಯರ ಹೆಸರು, ಹುಟ್ಟಿದ ದಿನಾಂಕ, ಮನೆಯ ಗುರುತು ಮೊದಲ ಪುಟದಲ್ಲಿವೆ. ಏಳು ಮಂದಿ ಪ್ರೌಢಶಾಲೆಗೆ ಸೇರಿದ್ದಾರೆ. ಉಳಿದ ನಾಲ್ವರ ಮನೆಗೆ ಮೊದಲ ವಾರದಲ್ಲೇ ಹೋಗಿ. ಅವರಲ್ಲಿ ಇಬ್ಬರ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ಆಗಿದೆ, ಸ್ವೀಕೃತಿ ಚೀಟಿಗಳನ್ನು ಅದೇ ಪುಟಕ್ಕೆ ಅಂಟಿಸಿದ್ದೇನೆ. ಆಶಾ ಕಾರ್ಯಕರ್ತೆ ನಿಮ್ಮ ಜೊತೆ ಬರಲು ಒಪ್ಪಿದ್ದಾರೆ. ಬೀರುವಿನ ಕೀಲಿ ಮುಖ್ಯ ಶಿಕ್ಷಕರ ಬಳಿ ಇದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ,
ಯಾದಗಿರಿ ಜಿಲ್ಲೆ